ಬೀಗರ ನೀಲಿ ಚೀಲ

ನಮ್ಮಜ್ಜಿ ಹೇಳಿದ್ದರೆ ಹೀಗೆ ಶುರುಮಾಡುತ್ತಿದ್ದಳು: ಒಂದಾನೊಂದು ರಾಜ್ಯ. ಚಳಿಗಾಲ ಹತ್ತಿರ ಬಂತೆಂದರೆ ಅಲ್ಲಿ ಸೂರ್ಯನೇ ಸೋಮಾರಿಯಾಗುತ್ತಾನೆ. ಆ ರಾಜ್ಯದಲ್ಲಿ ಒಬ್ಬ ಮುದುಕ. ಮುದುಕನ ಹತ್ತಿರ ನೀಲಿ ಮಖಮಲ್ಲಿನ ಒಂದು ಚೀಲ, ಚೀಲದೊಳಗೆ ಎರಡು ಕಪ್ಪು ಪೆಟ್ಟಿಗೆ. ಒಂದು ತೋಳಿಗೆ, ಒಂದು ತಲೆಗೆ. ಸಾಯುವ ಮುಂಚೆ ಅವನ ಹೆಂಡತಿ ಹೇಳಿದಳು, "ಇವು ನಮ್ಮಪ್ಪನವು. ಒಂದೇ ಒಂದು ಸಲ ನಮ್ಮ ಮಗನಿಗೆ ಕಟ್ಟಿಸು." ಮುದುಕ ಆಗಲಿ ಎಂದ. ಅಂದವನು ಮಗನ ಮನೆಗೆ ಬಂದ. ಬಂದು ಊರಿನಲ್ಲಿ ಕಂಡಕಂಡವರನ್ನೆಲ್ಲ ಕಟ್ಟಿಕೊಳ್ಳಿ ಕಟ್ಟಿಕೊಳ್ಳಿ ಎಂದು ಕೇಳಿದ, ಮಗನೊಬ್ಬನನ್ನು ಬಿಟ್ಟು.

ಅಜ್ಜಿಯ ಕಥೆಗಳಲ್ಲಿ ಅರಮನೆಯ ಒಳಗಿದ್ದವರಿಗೆ ಏನೂ ಗೊತ್ತಿರುವುದಿಲ್ಲ, ಕೇಳಿಸಿಕೊಳ್ಳುವವರಿಗೆ ಮಾತ್ರ ಗೊತ್ತಿರುತ್ತದೆ. ಸ್ವೀಡನ್ನಿನ ಸೊಲ್ಲೆಂಟುನಾ ಎಂಬ ಊರಿನ ನಮ್ಮ ಮನೆಯಲ್ಲೂ ಹಾಗೇ ಆಯಿತು.

ಅರಮನೆ ಎಂದರೆ ಸಾಲುಮನೆಗಳ ಕೊನೆಯ ಮನೆ. ಅಕ್ಕ ಮೈತ್ರೇಯಿ ಮತ್ತು ಭಾವ ನಾತನ್ ಇಬ್ಬರೂ ಪಕ್ಕದ ಶೀಸ್ತಾದಲ್ಲಿ ಐಟಿ ಕೆಲಸದವರು. ನಾನು ಶ್ರಾವಣಿ, ಉಪ್ಸಾಲಾದಲ್ಲಿ ಪಾಚಿಗಳ ಮೇಲೆ ಸಂಶೋಧನೆ ಮಾಡುತ್ತ, ಅಲ್ಲಿ ಬಾಡಿಗೆ ಕೋಣೆ ಸಿಗದೆ ಅಕ್ಕನ ಮನೆಯ ಮಹಡಿ ಸೇರಿಕೊಂಡವಳು. ಅಕ್ಕನಿಗೆ ನವೆಂಬರಿನಲ್ಲಿ ಹೆರಿಗೆ. ಬಾಣಂತನಕ್ಕೆಂದು ಅಮ್ಮ ಪದ್ಮಿನಿ ಅಂಟಿನುಂಡೆ, ಓಮ, ಬಜೆಬೇರುಗಳ ಸಮೇತ ಬೆಂಗಳೂರಿನಿಂದ ಬಂದಿಳಿದಳು. ಅವಳು ಬಂದು ಒಂದು ವಾರಕ್ಕೆ ಭಾವನ ಅಪ್ಪ ಮೌರಿಟ್ಸ್ ಲಿಂಕೋಪಿಂಗ್‌ನಿಂದ ಬಂದರು. ಅವರಿದ್ದ ಅಪಾರ್ಟ್‌ಮೆಂಟಿನಲ್ಲಿ ಹಳೇ ಕೊಳಾಯಿ ಪೈಪುಗಳನ್ನೆಲ್ಲ ಕಿತ್ತು ಹೊಸದು ಹಾಕುತ್ತಿದ್ದರು. ಎರಡು ತಿಂಗಳು ನೀರಿಲ್ಲ, ಕಕ್ಕಸಿಲ್ಲ. ಮಗನ ಮನೆ ಬಿಟ್ಟರೆ ಬೇರೆ ದಾರಿಯಿರಲಿಲ್ಲ.

"ಮೌರಿಟ್ಸ್ ಬಂದ್ರು ನೋಡು," ಎಂದೆ ನಾನು ಕಿಟಕಿಯಿಂದ.

"ಎಪ್ಪತ್ತು ದಾಟಿದವರನ್ನ ಹೆಸರು ಹಿಡಿದು ಕರೀತೀಯಲ್ಲೇ!" ಎಂದಳು ಅಮ್ಮ.

"ಇಲ್ಲಿ ಅಂಕಲ್ ಅಂದ್ರೆ ನಗ್ತಾರಮ್ಮ."

"ನಗಲಿ ಬಿಡು. ನಾನು ಬೀಗರೇ ಅಂತೀನಿ."

ಹಾಗೇ ಕರೆದಳು. ಅರ್ಥ ಕೇಳಿ ತಿಳಿದ ಮೌರಿಟ್ಸ್ ಮಾರನೆಯ ದಿನದಿಂದ ಅಮ್ಮನನ್ನು "ಬೀಗಿತ್ತಿ" ಎನ್ನತೊಡಗಿದರು. ಅಷ್ಟರಮಟ್ಟಿಗೆ ಎಲ್ಲ ಚೆನ್ನಾಗಿತ್ತು. ಕೆಟ್ಟಿದ್ದು ಫ್ರಿಜ್ಜಿನಲ್ಲಿ. ಅಮ್ಮನ ದೋಸೆಹಿಟ್ಟಿನ ಮೇಲಿನ ಅರೆಯಲ್ಲಿ ಅವರ ಉಪ್ಪುಮೀನಿನ ಬಾಟಲಿ ಬಂದು ಕೂತಿತು. ಅಮ್ಮ ಅದನ್ನು ಟಿಶ್ಯೂ ಪೇಪರಿನಲ್ಲಿ ಹಿಡಿದು ಕೆಳಗಿನ ಡ್ರಾಯರಿಗೆ ಇಳಿಸುವಳು, ಮಧ್ಯಾಹ್ನಕ್ಕೆ ಅದು ಮತ್ತೆ ಮೇಲೆ ಬರುವುದು. ಇಬ್ಬರೂ ಬಾಯಿಬಿಟ್ಟು ಏನೂ ಅನ್ನುವುದಿಲ್ಲ. ನಮ್ಮ ಮನೆಯಲ್ಲಿ ಊಟದ ಭಾಷೆ ಇಂಗ್ಲಿಷು. ಸಿಟ್ಟಿನ ಭಾಷೆ ಮಾತ್ರ ಅವರವರದು.

ಆಮೇಲೆ ಅಮ್ಮನ ಕಣ್ಣು ನೀಲಿ ಚೀಲದ ಮೇಲೆ ಬಿತ್ತು.

"ನೋಡಿದ್ಯಾ?" ಎಂದಳು, ಹೀರೇಕಾಯಿ ಸಿಗದ ದೇಶದಲ್ಲಿ ಜುಕಿನಿ ಹೆಚ್ಚುತ್ತ. "ಭಾವ, ಅಕ್ಕ ಕೆಲಸಕ್ಕೆ ಹೋದ ಮೇಲೇ ಬೀಗರು ಹೊರಡೋದು. ಬೆಳಕು ಚೆನ್ನಾಗಿ ಬಂದಿದೆಯಾ ಅಂತ ಕಿಟಕಿ ಹತ್ತಿರ ನಿಂತು ನೋಡ್ತಾರೆ, ಆಮೇಲೆ ಟೋಪಿ ಹಾಕಿ ಚೀಲ ಹಿಡಿದು ನಡೀತಾರೆ. ಎರಡು ಗಂಟೆಗೆ ವಾಪಸ್ಸು. ಶನಿವಾರ ಮಾತ್ರ ಹೋಗಲ್ಲ."

"ವಾಕಿಂಗ್ ಇರಬೇಕು ಬಿಡಮ್ಮ."

"ವಾಕಿಂಗಿಗೆ ಚೀಲ ಯಾಕೆ? ಬಾತ್‌ರೂಮಿಗೆ ಹೋಗುವಾಗ ಆ ಚೀಲಾನ ಹೊರಗೆ ಕುರ್ಚಿ ಮೇಲಿಟ್ಟು, ಮೇಲೊಂದು ಬಟ್ಟೆ ಮುಚ್ಚಿ ಹೋಗ್ತಾರೆ ಕಣೇ. ಬಾತ್‌ರೂಮಿಗೆ ಒಯ್ಯಬಾರದಂಥ ವಸ್ತು ಅಂದ್ರೆ ಏನು? ದೇವರದ್ದಿರಬೇಕು, ಇಲ್ಲಾ ಮಂತ್ರ ಮಾಟದ್ದಿರಬೇಕು. ಬಸುರಿ ಹುಡುಗಿ ಇರೋ ಮನೆ ಇದು."

"ನೀನೇ ಕೇಳು."

"ಬೀಗರನ್ನ ಹೇಗೆ ಕೇಳಲಿ? ನೀನು ನಾಳೆ ಉಪ್ಸಾಲಾಗೆ ಹೋಗ್ಬೇಡ. ಅವರ ಹಿಂದೆ ಹೋಗು."

ಹೋದೆ. ಕಥೆಗಳಲ್ಲಿ ರಾಜಕುಮಾರಿಯರು ಹಿಂಬಾಲಿಸುವುದು ಮಾಯಾಜಿಂಕೆಯನ್ನು. ನಾನು ಬೂದು ಟೋಪಿಯ ಮುದುಕರೊಬ್ಬರ ಹಿಂದೆ, ಕಸದ ವಿಂಗಡಣೆಯ ಡಬ್ಬಗಳ ಮರೆಯಲ್ಲಿ ನಿಂತು ನಿಂತು, ರೈಲು ನಿಲ್ದಾಣದ ಪಕ್ಕದ ಅಂಗಡಿ ಸಂಕೀರ್ಣ ಸೇರಿದೆ. ಅವರು ಬೆಂಚಿನ ಮೇಲೆ ಕೂತರು. ಚೀಲ ತೊಡೆಯ ಮೇಲೆ. ಹಾದುಹೋಗುವ ಗಂಡಸರ ಮುಖಗಳನ್ನು, ಪೇಟೆಯಲ್ಲಿ ಹಲಸಿನಹಣ್ಣು ಆರಿಸುವವರಂತೆ, ಒಂದೊಂದಾಗಿ ನೋಡಿದರು. ಒಬ್ಬ ನಡುವಯಸ್ಸಿನವನ ಬಳಿ ಹೋಗಿ ತಗ್ಗಿದ ದನಿಯಲ್ಲಿ ಏನೋ ಕೇಳಿದರು. ಅವನ ಬೆನ್ನು ಸೆಟೆಯಿತು. ತಲೆಯಾಡಿಸದೆ, ಉತ್ತರ ಕೊಡದೆ, ಹೆಜ್ಜೆ ಜೋರುಮಾಡಿ ಹೋದ. ಇನ್ನೊಬ್ಬ ನಕ್ಕ. ಮತ್ತೊಬ್ಬ ತಿರುಗಿ ನಿಂತು ಅವರನ್ನೇ ದುರುಗುಟ್ಟಿಕೊಂಡು ನೋಡಿದ.

ಕೊನೆಗೆ ತರಕಾರಿ ಕೈಚೀಲದ ಒಬ್ಬ ಮುದುಕ ನಿಂತ. ಇಬ್ಬರೂ ಗ್ರಂಥಾಲಯದ ಒಳಗೆ ಹೋದರು. ನಾನು ಮಕ್ಕಳ ಪುಸ್ತಕದ ಕಪಾಟಿನ ಹಿಂದೆ ನಿಂತೆ. ಆ ಮುದುಕ ದಪ್ಪ ಜಾಕೆಟ್ಟು ಕಳಚಿದ, ಅದರೊಳಗಿನ ಸ್ವೆಟರ್ ಕಳಚಿದ, ಅಂಗಿಯ ಎಡತೋಳು ಮಡಿಸಿದ. ಈ ದೇಶದಲ್ಲಿ ತೋಳು ಬರಿದು ಮಾಡುವುದೇ ಒಂದು ಸಾಹಸ. ಮೌರಿಟ್ಸ್ ಚೀಲದಿಂದ ಚರ್ಮದ ಪಟ್ಟಿ ಕಟ್ಟಿದ ಕಪ್ಪು ಪೆಟ್ಟಿಗೆಯನ್ನು ತೆಗೆದು ಅವನ ತೋಳಿಗಿಟ್ಟು, ಪಟ್ಟಿಯನ್ನು ಮುಂಗೈವರೆಗೆ ಸುತ್ತು ಸುತ್ತಾಗಿ ಬಿಗಿದರು. ಎರಡನೆಯದನ್ನು ನೆತ್ತಿಯ ಮುಂಭಾಗಕ್ಕೆ ಕೂರಿಸಿದರು. ಅವರು ಒಂದೊಂದು ಮಾತು ಹೇಳಿಕೊಟ್ಟ ಹಾಗೆ ಮುದುಕ ಹೇಳಿದ. ಮಧ್ಯದಲ್ಲಿ ಅವನ ಫೋನು ಹೊಡೆದುಕೊಂಡಿತು. "ಹೆಂಡತಿ, ಈರುಳ್ಳಿ ಮರೀಬೇಡ ಅಂತಾಳೆ," ಎಂದು ಫೋನು ಆರಿಸಿ, ಉಳಿದದ್ದು ಹೇಳಿ ಮುಗಿಸಿದ.

ಅವನು ಹೋದ ಮೇಲೆ ಮೌರಿಟ್ಸ್ ಪಟ್ಟಿ ಸುತ್ತುತ್ತ, ತಲೆಯೆತ್ತದೆ ಹೇಳಿದರು, "ಆ ಕಪಾಟಿನಲ್ಲಿರೋದು ಮೂರು ವರ್ಷದ ಮಕ್ಕಳ ಪುಸ್ತಕ, ಶ್ರಾವಣಿ. ಬಾ, ಕಾಫಿ ಕುಡಿಯೋಣ. ನಿನ್ನನ್ನ ಬೀಗಿತ್ತಿ ಕಳಿಸಿದರಾ, ನನ್ನ ಮಗನಾ?"

"ಅಮ್ಮ," ಎಂದೆ.

ಅವರಿಗೆ ನಿರಾಳವಾದಂತೆ ಕಂಡಿತು. ದಾಲ್ಚಿನ್ನಿ ಬನ್ನು ಮುರಿಯುತ್ತ ಅದರ ಹೆಸರು ತೆಫಿಲಿನ್ ಎಂದರು. ಪೆಟ್ಟಿಗೆಯೊಳಗೆ ಅವರ ಧರ್ಮಗ್ರಂಥ ತೋರಾದ ವಾಕ್ಯಗಳನ್ನು ಕೈಯಲ್ಲಿ ಬರೆದು ಇಟ್ಟಿರುತ್ತಾರಂತೆ. ಯಹೂದಿ ಗಂಡಸರು ಹದಿಮೂರು ತುಂಬಿದ ಮೇಲೆ ಹಗಲಿನಲ್ಲಿ ಕಟ್ಟಿಕೊಳ್ಳಬೇಕಂತೆ, ಶನಿವಾರ ಬಿಟ್ಟು. "ನಾನೇ ಐವತ್ತು ವರ್ಷ ಮುಟ್ಟಿರಲಿಲ್ಲ. ವಿಮಾನದ ಕಾರ್ಖಾನೆ, ಸಂಬಳ, ಸೌನಾದ ಹಬೆಸ್ನಾನ, ಸಾಕಾಗಿತ್ತು. ನನ್ನ ಹೆಂಡತಿ ರೂತ್ ತೀರಿಹೋದ ಮೇಲೆ ಶುರುಮಾಡಿದೆ. ನಮ್ಮವರು ಇಲ್ಲಿ ಉಪ್ಪಿನ ಹಾಗೆ ಕರಗಿಹೋಗಿದ್ದಾರೆ. ಕೇಳದೆ ಗೊತ್ತಾಗೋದಿಲ್ಲ. ಅದಕ್ಕೇ ಕೇಳ್ತೀನಿ."

"ಭಾವನ್ನ ಕೇಳಿದ್ರಾ?"

ಅವರು ಬಹಳ ಹೊತ್ತು ಕಾಫಿ ಕಲಕಿದರು. ಅದಕ್ಕೆ ಸಕ್ಕರೆ ಹಾಕಿಯೇ ಇರಲಿಲ್ಲ. ಆಮೇಲೆ ಹೆಂಡತಿಗೆ ಕೊಟ್ಟ ಮಾತನ್ನು ಹೇಳಿದರು. "ಗೊತ್ತಿಲ್ಲದವನು ಬೇಡ ಅಂದ್ರೆ ಎದ್ದು ಬರಬಹುದು. ಮಗ ಬೇಡ ಅಂದ್ರೆ ಆಮೇಲೆ ಅದೇ ಮೇಜಿನಲ್ಲಿ ಕೂತು ಊಟ ಮಾಡಬೇಕಲ್ಲ. ಅವನಿಗೆ ಹೇಳಬೇಡ. ನಿಮ್ಮಮ್ಮನಿಗೂ."

ಮನೆಗೆ ಬಂದು ಅಮ್ಮನಿಗೆ, "ಲೈಬ್ರರಿಗೆ ಹೋಗ್ತಾರಮ್ಮ," ಎಂದೆ.

"ಲೈಬ್ರರಿಗೆ."

"ಹೂಂ."

"ನಿನ್ನ ತುಟಿ ಮೇಲೆ ದಾಲ್ಚಿನ್ನಿ ಇದೆ," ಎಂದಳು ಅಮ್ಮ. ಅವತ್ತಿನಿಂದ ಅವಳಿಗೆ ಅನುಮಾನ ಇಬ್ಬರ ಮೇಲೆ.

ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಒಂದು ರಾತ್ರಿಯೂಟಕ್ಕೆ ಅಮ್ಮ ಬೀಟ್‌ರೂಟ್ ಪಲ್ಯ, ಹುಳಿ ಮಾಡಿದ್ದಳು. ಮೌರಿಟ್ಸ್ ಪಲ್ಯದ ಪಕ್ಕದಲ್ಲಿ ಮೀನಿಟ್ಟುಕೊಂಡು ತಿನ್ನುತ್ತಿದ್ದರು. ಭಾವ ಫೋನು ನೋಡುತ್ತ ತಡವಾಗಿ ಬಂದು ಕೂತ.

"ಮೈತ್ರೇಯಿ, ಇನ್ನು ಮೇಲೆ ಸ್ಟೇಷನ್ ಪಕ್ಕದ ಸೆಂಟರಿಗೆ ಒಬ್ಬಳೇ ಹೋಗಬೇಡ," ಎಂದ. "ಊರಿನ ಫೇಸ್‌ಬುಕ್ ಗುಂಪಿನಲ್ಲಿ ಹಾಕಿದ್ದಾರೆ. ಯಾರೋ ಒಬ್ಬ ದಾರಿಯಲ್ಲಿ ಹೋಗೋ ಗಂಡಸರನ್ನ ತಡೆದು, ನೀನು ಯಹೂದಿಯಾ ಅಂತ ಕೇಳ್ತಿದ್ದಾನಂತೆ. ನನ್ನ ಸಹೋದ್ಯೋಗಿಯ ಗಂಡನನ್ನೂ ಕೇಳಿದ್ದಾನೆ. ಅವರು ಎರಡು ದಿನದಿಂದ ನಿದ್ದೆ ಮಾಡಿಲ್ಲ."

"ಯಾಕೆ ಕೇಳ್ತಾನೆ?" ಎಂದಳು ಅಕ್ಕ.

"ಯಾಕೆ ಅಂದ್ರೆ? ಒಳ್ಳೇದಕ್ಕೆ ಯಾರು ಹಾಗೆ ಕೇಳ್ತಾರೆ? ಪಟ್ಟಿ ಮಾಡೋರು ಕೇಳ್ತಾರೆ. ಎಲ್ಲಿರ್ತಾರೆ, ಯಾವ ಮನೆ ಅಂತ."

ಮೌರಿಟ್ಸ್ ಮೀನನ್ನು ತುಂಬ ಸಣ್ಣಗೆ ಕತ್ತರಿಸುತ್ತಿದ್ದರು.

"ಹೇಗಿದ್ದಾನಂತೆ?" ಎಂದಳು ಅಮ್ಮ.

"ವಯಸ್ಸಾಗಿದೆ. ಬೂದು ಟೋಪಿ. ಕೈಯಲ್ಲಿ ನೀಲಿ..." ಭಾವ ಅಲ್ಲಿಗೆ ನಿಲ್ಲಿಸಿದ.

ಅಮ್ಮ ಬಾಗಿಲ ಪಕ್ಕದ ಗೂಟದ ಕಡೆ ನೋಡಿದಳು. ಅಕ್ಕ ನೋಡಿದಳು. ನಾನು ಹುಳಿಯ ಬಟ್ಟಲನ್ನು ನೋಡಿದೆ. ಬೂದು ಟೋಪಿ ಗೂಟದಲ್ಲಿ ನೇತಾಡುತ್ತಿತ್ತು.

"ನಾನೇ," ಎಂದರು ಮೌರಿಟ್ಸ್. "ಪಟ್ಟಿ ಗಿಟ್ಟಿ ಏನೂ ಮಾಡಿಲ್ಲ. ತೆಫಿಲಿನ್ ಕಟ್ಟೋದಕ್ಕೆ, ಹದಿಮೂರು ತುಂಬಿದ ಗಂಡಸರಿಗೆ. ನಮ್ಮವರನ್ನ ಮಾತ್ರ ಕೇಳ್ತೀನಿ."

"ನಮ್ಮವರು ಅಂತ ಹೇಗೆ ಗೊತ್ತಾಗತ್ತೆ ನಿನಗೆ?"

"ಗೊತ್ತಾಗೋದಿಲ್ಲ. ಅದಕ್ಕೇ ಕೇಳೋದು."

ನನಗೆ ನಗು ಬಂತು. ಅಕ್ಕ ಮೇಜಿನ ಕೆಳಗೆ ಕಾಲು ತುಳಿದಳು.

ಭಾವ ಎದ್ದು ನಿಂತ. ಅಲ್ಲಿಂದ ಮುಂದಿನದೆಲ್ಲ ಸ್ವೀಡಿಷ್. "ನಮ್ಮ ಬಾಗಿಲ ಮೇಲೆ ಮೈತ್ರೇಯಿ ಹೆಸರು ಮಾತ್ರ ಯಾಕಿದೆ ಗೊತ್ತಾ ಅಪ್ಪ? ಆಫೀಸಿನಲ್ಲಿ ನಾನು ಯಹೂದಿ ಅಂತ ಯಾಕೆ ಬಾಯಿಬಿಡಲ್ಲ ಗೊತ್ತಾ? ಮಗು ಬರ್ತಿದೆ. ನೀನು ಹೋಗಿ ಸ್ಟೇಷನ್ ಹತ್ತಿರ ಡಂಗುರ ಹೊಡೀತೀಯ! ಒಬ್ಬ ನಿನ್ನ ಹಿಂದೇನೇ ಮನೆ ತನಕ ಬಂದಿದ್ರೆ?"

"ಯಾರೂ ಬಂದಿಲ್ಲ." ಮೌರಿಟ್ಸ್ ಒಂದು ಕ್ಷಣ ನನ್ನ ಕಡೆ ನೋಡಿದರು.

"ಊರಿನವರನ್ನೆಲ್ಲ ನೀನು ಕೇಳಿದೆ. ಎಲ್ಲರನ್ನೂ," ಎಂದ ಭಾವ. ಮತ್ತೇನೋ ಹೇಳಹೊರಟು ಬಾಯಿ ಮುಚ್ಚಿಕೊಂಡ. "ಈ ಮನೆಯಲ್ಲಿರೋವರೆಗೂ ಆ ಚೀಲ ಹೊರಗೆ ಹೋಗಕೂಡದು."

ತಟ್ಟೆ ಮುಟ್ಟದೆ ಮೇಲೆ ಹೋದ. ಅಕ್ಕ ಹೊಟ್ಟೆ ಹಿಡಿದುಕೊಂಡು ಹಿಂದೆ ಹೋದಳು. ಉಳಿದ ಹುಳಿಯನ್ನು ಅಮ್ಮ ಡಬ್ಬಿಗೆ ಸುರಿಯುತ್ತಿದ್ದವಳು ಇದ್ದಕ್ಕಿದ್ದಂತೆ ತಿರುಗಿದಳು.

"ಬೀಗರೇ, ನೇರವಾಗಿ ಕೇಳ್ತೀನಿ. ಹುಟ್ಟೋ ಮಗು ಗಂಡಾದ್ರೆ ಅದಕ್ಕೂ ಇದನ್ನ ಕಟ್ತೀರಾ?"

"ಇಲ್ಲ."

"ಈಗ ಇಲ್ಲ ಅಂತೀರಿ. ಹದಿಮೂರಕ್ಕೆ?"

"ನಮ್ಮ ಲೆಕ್ಕದಲ್ಲಿ ತಾಯಿ ಯಹೂದಿಯಾದ್ರೆ ಮಗು ಯಹೂದಿ, ಬೀಗಿತ್ತಿ. ಮೈತ್ರೇಯಿ ಅಲ್ಲ. ಹಾಗಾಗಿ ಈ ಮಗು ನಿಮ್ಮದು. ನನ್ನ ಕಡೆಯದು ನಾತನ್‌ಗೆ ಮುಗಿಯಿತು." ಅವರು ಮೀನಿನ ಬಾಟಲಿಯನ್ನು ತಾವೇ ಫ್ರಿಜ್ಜಿನ ಕೆಳಗಿನ ಡ್ರಾಯರಿನಲ್ಲಿಟ್ಟು ಮಲಗಲು ಹೋದರು.

ಗೆದ್ದವಳು ಅಮ್ಮ. ಆದರೆ ಗೆದ್ದ ಮುಖ ಅವಳದಾಗಿರಲಿಲ್ಲ. "ಪೂರ್ತಿ ನಿಜ ಹೇಳ್ತಿಲ್ಲ ಇವರು," ಎಂದಳು ನನಗೆ. "ಮಗು ಬೇಡ ಅಂದ್ರೆ, ಇವರಿಗೆ ಬೇಕಾಗಿರೋದು ಏನು ಮತ್ತೆ?"

ಆಮೇಲಿನ ದಿನಗಳಲ್ಲಿ ಮೌರಿಟ್ಸ್ ಬೆಳಗ್ಗೆ ಕಿಟಕಿಯ ಬಳಿ ನಿಂತು ಬೆಳಕು ನೋಡುವುದು, ತಮ್ಮ ಕೋಣೆಯ ಬಾಗಿಲು ಹಾಕಿಕೊಂಡು ತಾವೊಬ್ಬರೇ ಕಟ್ಟಿಕೊಳ್ಳುವುದು, ಹೊರಬಂದು ಅಡುಗೆಮನೆಯಲ್ಲಿ ಕೂರುವುದು. ಅಮ್ಮ ಸುಮ್ಮನೆ ಕೂತವರನ್ನು ಸಹಿಸಳು. ಬೆಳ್ಳುಳ್ಳಿ ಸುಲಿಯಲು ಕೊಟ್ಟಳು. ಸುಲಿದರು. ಕಡಲೇಬೇಳೆ ಆರಿಸಲು ಕೊಟ್ಟಳು. ಕನ್ನಡಕ ಹಾಕಿಕೊಂಡು ವಿಮಾನದ ಬೋಲ್ಟು ತಪಾಸಣೆ ಮಾಡಿದಂತೆ ಆರಿಸಿದರು. ಒಂದು ದಿನ ನಾನು ಉಪ್ಸಾಲಾದಿಂದ ಬರುವಾಗ ಇಬ್ಬರೂ ಜಗಳವಾಡುತ್ತಿದ್ದರು.

"ನೀವು ಸುಲಿದ ಬೆಳ್ಳುಳ್ಳಿ ಇಟ್ಟಿದ್ದೆ, ಎಲ್ಲಿ ಹೋಯ್ತು?"

"ಮೀನಿನ ಬಾಟಲಿಗೆ ಹಾಕಿದೆ."

"ಅಯ್ಯೋ ರಾಮ!"

ಆದರೂ ಅನುಮಾನ ಕರಗಲಿಲ್ಲ. ಭಾವ ಆಫೀಸಿನಿಂದ ಬಂದವನೇ ಗೂಟದ ಟೋಪಿಯನ್ನು ಮುಟ್ಟಿ ನೋಡುವನು, ಮಳೆಗೆ ನೆನೆದಿದೆಯೋ ಎಂದು. ಮೌರಿಟ್ಸ್ ಅದನ್ನು ಕಂಡೂ ಕಾಣದಂತಿರುವರು. ಭಾವ ರೈಲು ಹಿಡಿಯಲು ಹೊರಡುವ ಹೊತ್ತಿಗೆ ಇನ್ನೂ ಕತ್ತಲು, ಬರುವ ಹೊತ್ತಿಗೆ ಮತ್ತೆ ಕತ್ತಲು. ಹಾಗಾಗಿ ಅಪ್ಪ ಮಗ ಒಬ್ಬರ ಮುಖ ಒಬ್ಬರು ನೋಡುತ್ತಿದ್ದದ್ದೇ ದೀಪದಡಿಯಲ್ಲಿ, ಅದೂ ತಟ್ಟೆಯ ಕಡೆ ಬಗ್ಗಿದ ಮುಖವನ್ನು.

ಅಕ್ಟೋಬರಿನಲ್ಲಿ ಆಯುಧಪೂಜೆ ಬಂತು. ಅಮ್ಮ ಬೆಳಗ್ಗೆಯೇ ಹಾಲ್‌ನಲ್ಲಿ ಮಣೆಗಳನ್ನಿಟ್ಟು ಮನೆಯ ಸಾಮಾನನ್ನೆಲ್ಲ ಜೋಡಿಸಿದಳು. ಅಕ್ಕನ ಲ್ಯಾಪ್‌ಟಾಪು, ಭಾವನ ಸೈಕಲ್ಲು, ನನ್ನ ಭೂತಗನ್ನಡಿ, ಮಿಕ್ಸಿ, ಚಾಕು, ಮಗುವಿಗೆಂದು ತಂದಿಟ್ಟ ತಳ್ಳುಗಾಡಿ. ಎಲ್ಲಕ್ಕೂ ಅರಿಶಿನ, ಕುಂಕುಮ, ಸೇವಂತಿಗೆ. ನಾನು ಸ್ನಾನ ಮುಗಿಸಿ ಇಳಿದು ಬರುವಾಗ ಮೌರಿಟ್ಸ್ ಕೂಡ ವಾಕಿಂಗ್ ಮುಗಿಸಿ ಬಾಗಿಲು ತೆರೆದರು. ರಜೆ ಹಾಕಿದ್ದ ಭಾವ ಮೆಟ್ಟಿಲ ಮೇಲಿದ್ದ.

ಮಿಕ್ಸಿ ಮತ್ತು ತಳ್ಳುಗಾಡಿಯ ನಡುವೆ, ಮಡಿ ಬಟ್ಟೆಯ ಮೇಲೆ, ಆ ಎರಡು ಕಪ್ಪು ಪೆಟ್ಟಿಗೆಗಳಿದ್ದವು. ಎರಡರ ಮೇಲೂ ಒದ್ದೆ ಗಂಧ, ಗಂಧದ ಮೇಲೆ ಕೆಂಪು ಕುಂಕುಮ. ಪಟ್ಟಿಗಳ ಮೇಲೆ ಸೇವಂತಿಗೆಯ ಎಸಳು.

ಕೂಗಿದ್ದು ಮೌರಿಟ್ಸ್ ಅಲ್ಲ. ಕೂಗಿದ್ದು ಭಾವ. ಮದುವೆಯಾದ ನಾಲ್ಕು ವರ್ಷದಲ್ಲಿ ಅಮ್ಮನೆದುರು ದನಿಯೇರಿಸದವನು ಮೆಟ್ಟಿಲಿಳಿದು ಓಡಿಬಂದ.

"ಏನು ಮಾಡಿದಿರಿ! ಅದು ಪೂರ್ತಿ ಕಪ್ಪಗಿರಬೇಕು! ಒಂದು ಚುಕ್ಕೆ ಬೀಳಬಾರದು, ನೀರು ತಾಗಬಾರದು! ಅದು ನನ್ನ ತಾತನದು!"

ಅವನು ಮಂಡಿಯೂರಿ ತನ್ನ ಬಿಳಿ ಅಂಗಿಯ ಒಣ ತುದಿಯಿಂದ ಗಂಧವನ್ನು ಒತ್ತಿ ಒತ್ತಿ ತೆಗೆಯತೊಡಗಿದ. ಉಜ್ಜಲಿಲ್ಲ. ಉಜ್ಜಬಾರದೆಂದು ಅವನಿಗೆ ಗೊತ್ತಿತ್ತು. ಹೇಗೆ ಗೊತ್ತು ಎಂದು ಯಾರೂ ಕೇಳಲಿಲ್ಲ. ಮೌರಿಟ್ಸ್ ಮಾತ್ರ ಮಗನ ಕೈಗಳನ್ನೇ ನೋಡುತ್ತ ನಿಂತರು.

"ನಿಮ್ಮ ಕೆಲಸದ ಸಾಮಾನು ಅಂದುಕೊಂಡೆ ಬೀಗರೇ," ಎಂದಳು ಅಮ್ಮ. ಕುಂಕುಮದ ಬೆರಳು ಗಾಳಿಯಲ್ಲೇ ಉಳಿದಿತ್ತು. "ಎಲ್ಲರದ್ದೂ ಇಟ್ಟೆ. ನಿಮ್ಮದೊಂದು ಬಿಟ್ರೆ ಸರಿಯಲ್ಲ ಅಂತ..."

"ನನ್ನ ಕೋಣೆಗೆ ಹೋಗಿ, ಚೀಲ ಬಿಚ್ಚಿ," ಎಂದರು ಮೌರಿಟ್ಸ್ ನಿಧಾನವಾಗಿ. "ಬಂದಾಗಿನಿಂದ ನಿಮಗೆ ಇದರ ಮೇಲೆ ಕಣ್ಣಿತ್ತು. ಈಗ ಸಮಾಧಾನವಾಯಿತಾ?"

"ಹಾಳು ಮಾಡೋಕೆ ಕುಂಕುಮ ಇಡ್ತಾರೇನ್ರೀ?" ಅದನ್ನು ಅಮ್ಮ ಕನ್ನಡದಲ್ಲೇ ಕೇಳಿದಳು. ನಾನು ಅನುವಾದಿಸಿ ಹೇಳಿದೆ. ಅವರು ನಂಬಿದರೋ ಇಲ್ಲವೋ ತಿಳಿಯಲಿಲ್ಲ.

ಅವತ್ತಿನ ಹೋಳಿಗೆ ಹಾಗೇ ಉಳಿಯಿತು. ಮಾರನೆಯ ದಿನ ಭಾವ ಚೀಲವನ್ನು ತನ್ನ ಬೆನ್ನುಚೀಲದೊಳಗಿಟ್ಟುಕೊಂಡು ಹೋದ. ಬೇರೆ ದೇಶದಿಂದ ಆಗಾಗ ಬಂದುಹೋಗುವ, ತೋರಾ ಬರೆಯುವ ಲಿಪಿಕಾರರೊಬ್ಬರು ಬಿಚ್ಚಿ ಪರೀಕ್ಷಿಸಿ, ಮತ್ತೆ ಕಪ್ಪು ಬಳಿದು ಕೊಡುತ್ತಾರಂತೆ. ಯಾವಾಗ ಎಂದು ಹೇಳಲಿಲ್ಲ.

ಮನೆ ಮೂರು ಪಾಲಾಯಿತು. ಅಮ್ಮ ಎಲ್ಲರಿಗೂ ಬಡಿಸಿ ಕೊನೆಗೆ ಒಲೆಯ ಪಕ್ಕ ನಿಂತೇ ತಿಂದಳು. ಮೌರಿಟ್ಸ್ ತಟ್ಟೆಯನ್ನು ಕೋಣೆಗೆ ಒಯ್ದರು. ಭಾವ ಆಫೀಸಿನಲ್ಲೇ ಉಂಡು ಬಂದ. "ನನ್ನ ಮಗು ಈ ಮನೆಯೊಳಗೆ ಬರೋದಕ್ಕೆ ಹೆದರಿಕೊಂಡು ಒಳಗೇ ಕೂತಿದೆ," ಎಂದಳು ಅಕ್ಕ, ಯಾರೂ ನಗಲಿಲ್ಲ.

"ಅವನು ಅದನ್ನ ವಾಪಸ್ ತರೋದಿಲ್ಲ," ಎಂದರು ಮೌರಿಟ್ಸ್ ಒಂದು ದಿನ ನನಗೆ. "ಯಾವುದಾದರೂ ಮ್ಯೂಸಿಯಮ್ಮಿಗೆ ಕೊಟ್ಟಿರ್ತಾನೆ. ಬೀಗಿತ್ತಿ ಅವನಿಗೆ ಒಳ್ಳೇ ನೆಪ ಮಾಡಿಕೊಟ್ಟರು."

"ನೀವು ಅವನನ್ನ ಕೇಳಬಹುದಲ್ಲ."

"ಏನಂತ?"

ಅದಕ್ಕೆ ಉತ್ತರ ಇಬ್ಬರಿಗೂ ಗೊತ್ತಿತ್ತು. ಭಾವನಿಗೆ ಹೇಳಬೇಡ ಎಂದು ನನ್ನ ಬಾಯಿ ಕಟ್ಟಿದ್ದರು.

ಅಕ್ಟೋಬರಿನ ಕೊನೆಗೆ ಲಿಂಕೋಪಿಂಗ್‌ನಿಂದ ಫೋನು ಬಂತು, ಪೈಪಿನ ಕೆಲಸ ಮುಗಿದಿದೆ ಎಂದು. ಮೌರಿಟ್ಸ್ ಗುರುವಾರದ ರೈಲಿಗೆ ಟಿಕೆಟ್ ಮಾಡಿಸಿದರು. ಬುಧವಾರ ಸಂಜೆ ಭಾವ ಬಂದವನು ನೀಲಿ ಚೀಲವನ್ನು ಅಡುಗೆಮನೆಯ ಮೇಜಿನ ಮೇಲಿಟ್ಟ. "ಒಳಗಿನ ಬರಹಕ್ಕೆ ಏನೂ ಆಗಿಲ್ಲ. ಸರಿಯಾಗಿದೆ," ಎಂದಷ್ಟೇ ಹೇಳಿ ಮೇಲೆ ಹೋದ. ಮೌರಿಟ್ಸ್ ಚೀಲ ಬಿಚ್ಚಿ, ಪೆಟ್ಟಿಗೆಗಳನ್ನು ದೀಪಕ್ಕೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಅವೇ ಹೌದೋ ಅಲ್ಲವೋ ಎಂದು ಪಟ್ಟಿಯ ಹಳೇ ಮಡಿಕೆಗಳನ್ನು ಬೆರಳಿನಿಂದ ತಡವಿದರು. ಆಮೇಲೆ ಸೂಟ್‌ಕೇಸಿಗೆ ಹಾಕಿದರು.

ಗುರುವಾರ ನಾನು ಇಳಿದು ಬರುವಾಗ ಹೊರಗೆ ಕತ್ತಲಿತ್ತು. ಅಮ್ಮ ಬೀಗರಿಗೆ ರೈಲಿಗೆಂದು ಚಿತ್ರಾನ್ನ ಕಲಸುತ್ತಿದ್ದಳು. ಮಾತು ಬಿಟ್ಟಿದ್ದರೂ ಬುತ್ತಿ ಬಿಡಲಾಗದು. ಮೌರಿಟ್ಸ್ ಕೋಟು ಹಾಕಿಕೊಂಡು ಮೇಜಿನ ಬಳಿ ಕೂತಿದ್ದರು, ಸೂಟ್‌ಕೇಸು ಕಾಲ ಬಳಿ. ನಿಲ್ದಾಣಕ್ಕೆ ಬಿಡಲು ಭಾವ ಆಫೀಸಿಗೆ ತಡವಾಗಿ ಬರುತ್ತೇನೆಂದಿದ್ದ. ಅವನೂ ಕಾರಿನ ಕೀಲಿ ಹಿಡಿದು ಎದುರಿಗೆ ಕೂತಿದ್ದ. ಅಕ್ಕ ಎರಡು ಕುರ್ಚಿಯಲ್ಲಿ ಕಾಲು ಚಾಚಿದ್ದಳು.

ಅಮ್ಮ ಡಬ್ಬಿಯ ಮುಚ್ಚಳ ಒತ್ತಿ, ಮೌರಿಟ್ಸ್‌ರ ಮುಂದಿಟ್ಟಳು. ಕೈ ಹಿಂದಕ್ಕೆ ತೆಗೆಯಲಿಲ್ಲ.

"ಬೀಗರೇ, ನಿಮ್ಮ ವಸ್ತು ಮುಟ್ಟಿದ್ದು ನನ್ನ ತಪ್ಪು. ಹಾಳು ಮಾಡೋಕೆ ಮುಟ್ಟಲಿಲ್ಲ, ಅದನ್ನ ನೀವು ನಂಬಿ, ಬಿಡಿ. ಆದ್ರೆ ಒಂದು ನನ್ನ ತಲೆಗೆ ಹೋಗ್ತಾ ಇಲ್ಲ. ಸ್ಟೇಷನ್ ಹತ್ತಿರ ಹೋಗೋ ಬರೋರನ್ನೆಲ್ಲ ಕಟ್ಟಿಕೋ ಬಾ ಅಂತ ಕೇಳಿದ್ರಿ. ಮನೆಯೊಳಗೇ ಒಬ್ಬ ಇದ್ದಾನಲ್ಲ? ಇವನನ್ನ ಯಾಕೆ ಕೇಳಲಿಲ್ಲ?"

ಅಕ್ಕ, "ಅಮ್ಮಾ," ಎಂದಳು.

"ಇರಲಿ," ಎಂದ ಭಾವ. "ನಾನೂ ಅದನ್ನೇ ಯೋಚಿಸ್ತಿದ್ದೆ. ಆ ಫೇಸ್‌ಬುಕ್ ಓದಿದ ದಿನದಿಂದ." ಅವನು ಅಪ್ಪನ ಕಡೆ ನೋಡಲಿಲ್ಲ, ಕೀಲಿಯನ್ನು ನೋಡಿದ. "ಮೈತ್ರೇಯಿಯನ್ನ ಮದುವೆಯಾದ ಮೇಲೆ ನಿನ್ನ ಲೆಕ್ಕದಿಂದ ನನ್ನನ್ನ ತೆಗೆದುಹಾಕಿದೀಯ ಅಂದುಕೊಂಡೆ. ರಸ್ತೆಯಲ್ಲಿ ಹೋಗೋನು ಆಗ್ತಾನೆ, ನಾನು ಆಗಲ್ಲ."

"ಇಲ್ಲ," ಎಂದರು ಮೌರಿಟ್ಸ್. ಮತ್ತೆ, "ಇಲ್ಲ ನಾತನ್," ಎಂದರು.

"ತಾತ ತೊಡೆ ಮೇಲೆ ಕೂರಿಸಿಕೊಂಡು ಇವನ್ನ ತೋರಿಸ್ತಿದ್ರು. ಜ್ಯಾಮಿನ ಕೈಯಲ್ಲಿ ಮುಟ್ಟಿದರೆ ಬೈತಿದ್ರು, ಚುಕ್ಕೆ ಬೀಳಬಾರದು ಅಂತ. ನಿನಗೆ ಹದಿಮೂರು ತುಂಬಲಿ, ನಿನ್ನಪ್ಪ ಕಟ್ತಾನೆ ಅಂತಿದ್ರು. ತುಂಬಿತು. ಬೆಳಗ್ಗೆ ಎದ್ದು ಅಂಗಿ ತೋಳು ಮಡಿಸಿಕೊಂಡು ಬಂದೆ. ನೀನು ಸೈಕಲ್ ಕೊಡಿಸಿದೆ."

"ಒಳ್ಳೇ ಸೈಕಲ್ಲು," ಎಂದರು ಮೌರಿಟ್ಸ್.

"ಒಳ್ಳೇ ಸೈಕಲ್ಲೇ."

"ಆಗ ಶಾಲೆಯಲ್ಲಿ ಹುಡುಗರು ನಿನ್ನ ಚೀಲದ ಮೇಲೆ ಏನೋ ಗೀಚಿದ್ದರು. ನೀನು ನಮಗೆ ಕಾಣದ ಹಾಗೆ ಒರೆಸಿದ್ದೆ. ನಾನು ನೋಡಿದ್ದೆ. ನೀನು ಎಲ್ಲರ ಹಾಗಿರಲಿ ಅನ್ನಿಸಿತು." ಅವರು ಟೋಪಿ ತೆಗೆದು ಮೇಜಿನ ಮೇಲಿಟ್ಟರು. "ಈಗ ಕೇಳಿದರೆ ನೀನು ನಗ್ತೀಯ ಅನ್ನಿಸಿತು. ಐವತ್ತು ವರ್ಷ ಬಿಟ್ಟವನು ಈಗ ಬಂದಿದ್ದಾನೆ ಅಂತ."

"ಕೇಳಿದೆಯಾ ಅಪ್ಪ? ಒಂದು ಸಲನಾದ್ರೂ?"

ಅಮ್ಮನ ಕೈ ಇನ್ನೂ ಚಿತ್ರಾನ್ನದ ಡಬ್ಬಿಯ ಮೇಲಿತ್ತು.

"ಕಟ್ಟಿಕೊಳ್ತೀಯಾ?" ಎಂದರು ಮೌರಿಟ್ಸ್.

ಭಾವ ಕೀಲಿ ಕೆಳಗಿಟ್ಟು ಎದ್ದ. ಕೋಟು ಕಳಚಿದ, ಸ್ವೆಟರ್ ಕಳಚಿದ, ಕೈಗಡಿಯಾರ ಬಿಚ್ಚಿದ. ಎಡತೋಳನ್ನು ಭುಜದವರೆಗೂ ಮಡಿಸಿದ. ಚಳಿಗೆ ರೋಮ ನಿಂತಿದ್ದು ನಾನು ನಿಂತಲ್ಲಿಂದಲೂ ಕಂಡಿತು.

"ಹಾಗಾದ್ರೆ ಬೇಗ ಕಟ್ಟಿ ಬೀಗರೇ, ರೈಲಿಗೆ ಹೊತ್ತಾಗತ್ತೆ," ಎಂದಳು ಅಮ್ಮ.

"ಆಗೋದಿಲ್ಲ ಬೀಗಿತ್ತಿ. ಇನ್ನೂ ಕತ್ತಲು." ಅವರು ಎದ್ದು ಮೇಲಿನ ದೀಪ ಆರಿಸಿದರು. "ಪರಿಚಯದವನೊಬ್ಬ ನಾಲ್ಕು ಮೊಳ ದೂರದಲ್ಲಿ ನಿಂತರೆ ಮುಖದ ಗುರುತು ಸಿಗಬೇಕು. ಅಲ್ಲಿಯವರೆಗೆ ಕಟ್ಟೋ ಹಾಗಿಲ್ಲ."

"ರೈಲು ತಪ್ಪತ್ತೆ," ಎಂದಳು ಅಕ್ಕ.

"ತಪ್ಪಲಿ."

ಕತ್ತಲಲ್ಲಿ ಕಾದೆವು. ಅಪ್ಪ ಕಿಟಕಿಯ ಬಳಿ, ಮಗ ಒಲೆಯ ಬಳಿ, ಬರಿಯ ತೋಳನ್ನು ಇನ್ನೊಂದು ಕೈಯಲ್ಲಿ ಉಜ್ಜಿಕೊಳ್ಳುತ್ತ. ಅಮ್ಮ ತನ್ನ ಶಾಲನ್ನು ತೆಗೆದು ಅವನಿಗೆ ಹೊದಿಸಿದಳು. ಮೊದಲು ಪಕ್ಕದ ಮನೆಯ ಹೆಂಚಿನ ಅಂಚು ಕಂಡಿತು, ಆಮೇಲೆ ಮಿಕ್ಸಿಯ ಬಿಳಿ. ಸ್ವಲ್ಪ ಹೊತ್ತಿಗೆ ಭಾವನ ಗಡ್ಡ, ಮೂಗು. ಮೌರಿಟ್ಸ್ ಕಣ್ಣು ಕಿರಿದು ಮಾಡಿ ಮಗನನ್ನು ದಿಟ್ಟಿಸಿದರು.

"ಕಾಣ್ತಿದ್ದೀನಾ?" ಎಂದ ಭಾವ.

"ಇರು." ಇನ್ನಷ್ಟು ಹೊತ್ತು ನೋಡಿದರು. "ಹೂಂ. ಕಾಣ್ತಿದ್ದೀಯ."

ಸೂಟ್‌ಕೇಸು ತೆರೆದರು. ಊರಿನವರ ತೋಳಿಗೆಲ್ಲ ಸಲೀಸಾಗಿ ಕಟ್ಟಿದವರ ಕೈಯಿಂದ ಇಲ್ಲಿ ಪಟ್ಟಿ ಎರಡು ಸಲ ಜಾರಿತು. ಭಾವ ಇನ್ನೊಂದು ಕೈಯಿಂದ ತುದಿ ಹಿಡಿದುಕೊಂಡ. ಪೆಟ್ಟಿಗೆಯನ್ನು ತೋಳಿನ ಒಳಭಾಗಕ್ಕೆ, ಎದೆಯ ಕಡೆಗೆ ವಾಲುವಂತೆ ಕೂರಿಸಿ, ಮುಂಗೈಗೆ ಏಳು ಸುತ್ತು ಬಿಗಿದರು. ಎರಡನೆಯದನ್ನು ತಲೆಗಿಡಲು ಭಾವ ಬಗ್ಗಬೇಕಾಯಿತು. ಮೌರಿಟ್ಸ್ ಮೊದಲ ಮಾತು ಹೇಳಿಕೊಟ್ಟರು, ಭಾವ ಹೇಳಿದ. ಎರಡನೆಯದನ್ನು ಅವರು ಹೇಳುವ ಮೊದಲೇ ಅವನು ಹೇಳಿದ. ಅಲ್ಲಿಂದ ಇಬ್ಬರೂ ಒಟ್ಟಿಗೆ, ತಗ್ಗಿದ ದನಿಯಲ್ಲಿ, ಕೊನೆಯ ತನಕ ಹೇಳಿದರು. ಅಮ್ಮ ತಿಳಿಯದೆಯೇ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡು ನಿಂತಿದ್ದಳು.

ಮುಗಿದಾಗ ಹೊರಗೆ ಪೂರ್ತಿ ಬೆಳಗಾಗಿತ್ತು. ಮೌರಿಟ್ಸ್ ಮಗನ ಪಟ್ಟಿ ಸುತ್ತಿದ ಕೈಯನ್ನು ಬಿಡದೆ ಹಿಡಿದುಕೊಂಡಿದ್ದರು.

"ಆಯ್ತು ರೂತ್," ಎಂದರು.